ಉಕ್ಕಿನ ಬೀರುವಿನ ಬುದ್ಧ

ನಮ್ಮ ಬೀದಿಯಲ್ಲಿ ಗುಟ್ಟು ಎನ್ನುವ ವಸ್ತು ಯಾವತ್ತೂ ಇರಲಿಲ್ಲ, ಏಕೆಂದರೆ ಅದನ್ನು ಇಡಲು ಜಾಗವಿಲ್ಲ. ಮನೆಗೂ ಮನೆಗೂ ನಡುವೆ ಒಂದು ಮೊಳ. ಪಕ್ಕದ ಮನೆಯಲ್ಲಿ ಮೂಲಂಗಿ ತುರಿಯುವ ಸದ್ದು ಕೇಳಿದರೆ ಇವತ್ತು ಅವರಿಗೆ ಸುಟ್ಟ ಮೀನು ಎಂದು ಈ ಮನೆಯವರು ತೀರ್ಮಾನಿಸುತ್ತಾರೆ. ಅಂಥ ಬೀದಿಯಲ್ಲಿ ನಿಶಿವಾಕಿ ಎಂಬ ಮನುಷ್ಯ ನಾಲ್ಕೂವರೆ ಅಡಿ ಉದ್ದದ ಗುಟ್ಟೊಂದನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಕಾಪಾಡಿದ. ಎದುರು ಮನೆಯ ಕ್ಷೌರಿಕನಾದ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಮತ್ತು ಬಾಯಿ ಬಿಡದೆ ಒದ್ದಾಡಿದ್ದೇನೆ.

ನಿಶಿವಾಕಿಗೆ ಐವತ್ತಮೂರು ವಯಸ್ಸು. ಸೋಯಾ ಸಾಸ್ ಕಾರ್ಖಾನೆಯಲ್ಲಿ ಸೀಸೆಯ ಮೇಲಿನ ಚೀಟಿ ನೆಟ್ಟಗಿದೆಯೇ ಎಂದು ನೋಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಚೀಟಿಗಳು ನೆಟ್ಟಗಿವೆ. ಅವನ ಬದುಕಿನಲ್ಲಿ ಬೇರೆ ಯಾವುದಾದರೂ ನೆಟ್ಟಗಿದ್ದ ಬಗ್ಗೆ ನಮ್ಮ ಬೀದಿಯಲ್ಲಿ ಮಾಹಿತಿ ಇಲ್ಲ. ಮನೆ ಅವನದಲ್ಲ, ಹೆಂಡತಿ ಚಿಯೊಕೊಳ ಅಪ್ಪನದು. ಅವನು ಮನೆಅಳಿಯ. ಮಾವ ತೀರಿಕೊಂಡ ಮೇಲೆ ಅತ್ತೆ ಉಮೆನೊ ಪಕ್ಕದ ಊರಿನ ಹಿರಿಮಗಳ ಮನೆಗೆ ಹೋಗಿದ್ದರು. ಹೋಗುವಾಗ ಬೀದಿಯ ಎಲ್ಲರ ಮುಂದೆ, "ಮನೆ ನೋಡ್ಕೊಳ್ಳಿ, ಅಳಿಯಂದ್ರನ್ನೂ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿಯೇ ಬಸ್ಸು ಹತ್ತಿದ್ದರು.

ನಮ್ಮ ಮಿನೊಬೆ ಕೋಟೆಗೆ ಒಂದು ಬತ್ತಿಕೋವಿ ಪಡೆ ಇದೆ. ಪ್ರತಿ ವರ್ಷ ನವೆಂಬರ್ ಮೂರರಂದು ಕೋಟೆಯ ಹಬ್ಬದಲ್ಲಿ ಇಪ್ಪತ್ತೆರಡು ಜನ ಕವಚ ತೊಟ್ಟು, ಎರಡು ಸಾಲಾಗಿ ನಿಂತು, ಮುನ್ನೂರು ವರ್ಷ ಹಳೆಯ ಕೋವಿಗಳಿಗೆ ಬತ್ತಿ ತಾಗಿಸಿ ಗುಂಡಿಲ್ಲದೆ ಬರೀ ಮದ್ದು ಹಾರಿಸುತ್ತಾರೆ. ನಾನು ಎರಡನೇ ಸಾಲು. ನಿಶಿವಾಕಿ ನಾಲ್ಕು ವರ್ಷದಿಂದ ಪೊರಕೆ. ಎಲ್ಲರೂ ಹಾರಿಸಿ ಆದಮೇಲೆ ಕವಚ ತೊಟ್ಟುಕೊಂಡೇ ಬಂದು, ಸುಟ್ಟ ಕಾಗದದ ಚೂರು ಗುಡಿಸುವುದು. ಗುಡಿಸುವಾಗಲೂ ಅವನು ಪೊರಕೆಯನ್ನು ಹೆಗಲಿಗೆ ಆನಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೊದಲನೇ ಸಾಲಿನಲ್ಲಿ ನಿಲ್ಲಬೇಕು ಎಂಬುದು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಬೇರೆ ಆಸೆ ಇರಲಿಲ್ಲ.

ಆ ವರ್ಷ ಜುಲೈಯಲ್ಲಿ ಮೊದಲನೇ ಸಾಲಿನ ಒಬ್ಬ ಮುದುಕರ ಮಂಡಿ ಕೈಕೊಟ್ಟಿತು. ಪಡೆಯ ನಾಯಕರು ಒಕಿತ್ಸು, ನಿವೃತ್ತ ಹೆಡ್‌ಮಾಸ್ಟರು. ಎಪ್ಪತ್ತೆಂಟರಲ್ಲೂ ಬೆನ್ನು ಬಾಗಿಲ್ಲ, ಇನ್ನೊಬ್ಬರ ಬೆನ್ನು ಬಾಗಲು ಬಿಡುವುದೂ ಇಲ್ಲ. ಅವರು ನಿಶಿವಾಕಿಯನ್ನು ಕರೆದರು.

"ಕೋವಿ ಹಿಡಿಯೋಕೆ ಯಾರಿಗಾದ್ರೂ ಬರುತ್ತೆ ನಿಶಿವಾಕಿ ಸಾನ್, ಇಡೋಕೆ ಬರಬೇಕು. ಸರಿಯಾಗಿ ಕೇಳಿಸ್ಕೊಳ್ಳಿ. ಉಕ್ಕಿನ ಬೀರು ಬೇಕು. ಅದನ್ನ ಮನೆಯ ಕಂಬಕ್ಕೆ ಬೋಲ್ಟ್ ಹಾಕಿ ಬಿಗೀಬೇಕು. ಹಬ್ಬದ ಬೆಳಿಗ್ಗೆವರೆಗೂ ಕೋವಿ ಆ ಮನೆ ಬಿಟ್ಟು ಕದಲಬಾರದು. ಬೀಗದ ಕೈ ನಿಮ್ಮ ಮೈಮೇಲೇ ಇರಬೇಕು. ಮನೇಲಿ ಕೋವಿ ಇದೆ ಅಂತ ಮನೆಯವರನ್ನ, ನಮ್ಮ ಪಡೆಯವರನ್ನ ಬಿಟ್ರೆ ನರಪಿಳ್ಳೆಗೂ ಗೊತ್ತಾಗಬಾರದು. ಮದ್ದು ನಮ್ಮ ಪಡೆಯ ಕಲ್ಲಿನ ಕೊಠಡೀಲೇ ಇರುತ್ತೆ, ಅದರ ಚಿಂತೆ ನಿಮಗೆ ಬೇಡ."

"ಅಕಸ್ಮಾತ್ ಗೊತ್ತಾದ್ರೆ, ಗುರುಗಳೇ?"

"ಗೊತ್ತಾದ ದಿನವೇ ಕೋವಿ ಔಷಧಿ ಅಂಗಡಿ ಮೊಮೊಸೆ ಸಾನ್ ಮನೆಗೆ ಹೋಗುತ್ತೆ. ಪೊರಕೆ ವಾಪಸ್ ನಿಮ್ಮ ಕೈಗೆ ಬರುತ್ತೆ."

ಊರಿನವರೆಲ್ಲ ನಮ್ಮ ಕೋವಿಗಳು ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇರುತ್ತವೆ ಎಂದೇ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸದಿರುವುದು ಪಡೆಯ ಪದ್ಧತಿ. ನನ್ನ ಕೋವಿ ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ.

ನಿಶಿವಾಕಿ ಮಾರನೆಯ ದಿನವೇ ಅಂಗಡಿಗೆ ಹೋಗಿ ಬೀರು ನೋಡಿದ. ಬೇಟೆಗಾರರ ಕೋವಿಗೆಂದು ಮಾಡಿದ ಬೀರು ಅದು. ನಮ್ಮ ಹಿರಿಯರ ಕೋವಿಗಳಿಗೆ ಇವತ್ತಿನ ಅಳತೆಗಳ ಬಗ್ಗೆ ಗೌರವವಿಲ್ಲ. ಬಾಗಿಲು ಹಾಕಿದರೆ ನಳಿಗೆ ನಾಲ್ಕು ಬೆರಳು ಹೊರಗೆ ಇಣುಕುತ್ತದೆ ಎಂದು ಅಳತೆ ಟೇಪು ಹೇಳಿತು. ಅದನ್ನು ಅಲ್ಲೇ ಬಿಟ್ಟು, ಐದೂವರೆ ಅಡಿ ಎತ್ತರದ, ಎರಡು ಬಾಗಿಲಿನ, ಕಪ್ಪು ಬಣ್ಣದ ಬೀರು ಹೇಳಿ ಮಾಡಿಸಿದ. ಅಷ್ಟು ಭಾರ ತಡೆಯುವ ಕಂಬ ಆ ಹಳೆಯ ಮನೆಯಲ್ಲಿ ಒಂದೇ ಒಂದು ಇತ್ತು. ಅದು ಹಿರಿಯರ ಗೂಡು ಇದ್ದ ಕೋಣೆಯಲ್ಲಿ, ಆ ಗೂಡಿನ ಹಿಂದೆಯೇ ಇತ್ತು.

ಸತ್ತ ಹಿರಿಯರ ಹೆಸರಿನ ಹಲಗೆಗಳನ್ನಿಟ್ಟು ದಿನಾ ಅನ್ನ, ಊದುಬತ್ತಿ ತೋರಿಸುವ ಗೂಡು ಅದು. ಮೊಣಕಾಲೆತ್ತರದ್ದು. ಮಾವನ ಹಲಗೆಯೂ ಅದರಲ್ಲಿತ್ತು. ಗಂಡ ಹೆಂಡತಿ ಮೂರು ಸಲ ಕ್ಷಮೆ ಕೇಳಿ, ಅದನ್ನು ಎತ್ತಿಕೊಂಡು ಹೋಗಿ ಮಹಡಿಯ ಮೇಲೆ ಹಾಸಿಗೆ ಮಡಚಿಡುವ ಗೂಡಿನಲ್ಲಿ ಕೂರಿಸಿದರು.

"ರೀ, ಅಮ್ಮನಿಗೆ ಗೊತ್ತಾದ್ರೆ?" ಎಂದಳು ಚಿಯೊಕೊ.

"ನವೆಂಬರ್ ನಾಲ್ಕಕ್ಕೆ ಬೇರೆ ಕಂಬ ಹಾಕಿಸ್ತೀನಿ. ಅಲ್ಲೀವರೆಗೆ ಮಾವನವರು ಸ್ವಲ್ಪ ಗಾಳಿ ಬದಲಾಯಿಸ್ಲಿ" ಎಂದ ನಿಶಿವಾಕಿ.

ಯಾರ ಗಮನಕ್ಕೂ ಬಾರದ ಹಾಗೆ ತಂದುಕೊಡಿ ಎಂದು ಅವನು ಅಂಗಡಿಗೆ ಏಳು ಸಲ ಫೋನ್ ಮಾಡಿ ಬೇಡಿಕೊಂಡಿದ್ದ. ಏಳನೇ ಸಲಕ್ಕೆ ಅಂಗಡಿಯವರು ಇದು ಸಾಮಾನ್ಯ ಗಿರಾಕಿಯಲ್ಲ ಎಂದು ತೀರ್ಮಾನಿಸಿದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಡೀ ಬೀದಿ ಗಿಡಗಳಿಗೆ ನೀರು ಹಾಕುತ್ತಿದ್ದಾಗ, ಹೆಸರಿಲ್ಲದ ಕಪ್ಪು ವ್ಯಾನ್ ಬಂದು ನಿಂತಿತು. ಕಪ್ಪು ಸೂಟು, ಬಿಳಿ ಕೈಗವಸು ತೊಟ್ಟ ಇಬ್ಬರು ಇಳಿದರು. ನೇರಳೆ ಬಟ್ಟೆ ಸುತ್ತಿದ ಐದೂವರೆ ಅಡಿಯ ಪೆಟ್ಟಿಗೆಯನ್ನು ಎತ್ತಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಒಳಗೆ ನಡೆದರು. ಬೀದಿಯ ನೀರಿನ ಕೊಳವೆಗಳೆಲ್ಲ ಚಪ್ಪಲಿಗಳ ಮೇಲೆ ಹರಿದವು.

ಅವರು ಹೋಗುವುದನ್ನೇ ಕಾದಿದ್ದು ಕುವಾಬರಾ ಗೇಟಿನ ಹತ್ತಿರ ಬಂದರು. ಅವರು ನಮ್ಮ ಬೀದಿ ಸಂಘದ ಅಧ್ಯಕ್ಷೆ. ಕಸ ಯಾವ ವಾರ, ಯಾರ ಮಗಳಿಗೆ ಯಾವ ಊರಿನ ಗಂಡು, ಯಾರ ಹೊಟ್ಟೆ ಯಾಕೆ ಕೆಟ್ಟಿದೆ, ಎಲ್ಲವೂ ಅವರ ಬಾಯಲ್ಲಿ ಒಂದೇ ದರ್ಜೆಯ ಸುದ್ದಿ.

"ನಿಶಿವಾಕಿ ಸಾನ್, ಹೊಸಾ ಹಿರಿಯರ ಗೂಡಾ? ಅಷ್ಟೊಂದು ದೊಡ್ಡದಾ?"

ನಿಶಿವಾಕಿಯ ಮುಂದೆ ಎರಡೇ ದಾರಿ ಇದ್ದವು. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಅವನ ಕಣ್ಣ ಮುಂದೆ ಪೊರಕೆ ಬಂತು.

"ಹ್ಞೂಂ" ಎಂದ.

ಮಧ್ಯಾಹ್ನದೊಳಗೆ ಬೀದಿಯ ಸುತ್ತೋಲೆ ಹಲಗೆ ಮನೆಯಿಂದ ಮನೆಗೆ ಹೊರಟಿತು. ಮನೆಗೊಬ್ಬರು ಓದಿ ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸಬೇಕು. ಚರಂಡಿ ಶುಚಿ ಮಾಡುವ ದಿನಾಂಕದ ಕೆಳಗೆ ಕುವಾಬರಾ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ನಿಶಿವಾಕಿಯವರು ಮಾವನವರ ನೆನಪಿಗೆ ಭವ್ಯವಾದ ಗೂಡು ತರಿಸಿದ್ದಾರೆ. ಈ ಕಾಲದಲ್ಲಿ ಇಂಥ ಅಳಿಯಂದಿರು ಅಪರೂಪ." ಸಂಜೆಗೆ ಕರ್ಬೂಜ ಹಣ್ಣು ಬಂತು, ಊದುಬತ್ತಿ ಬಂತು, ಹುರುಳಿ ಹೂರಣದ ಸಿಹಿ ಬಂತು. ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ನಿಶಿವಾಕಿ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಿಸಿನೀರಿನ ತೊಟ್ಟಿಗೆ ಇಳಿದಾಗ ಗಂಡಸರೆಲ್ಲ ಸರಿದು ಅವನಿಗೆ ಜಾಗ ಬಿಟ್ಟರು. ಸ್ನಾನದಲ್ಲೂ ಮಾವನ ಗೂಡಿನ ಕೀಲಿ ಕಳಚುವುದಿಲ್ಲವಲ್ಲ ಎಂದು ಅಲ್ಲೇ ನಾಲ್ಕು ಮನೆಗಳ ಅಳಿಯಂದಿರಿಗೆ ಬುದ್ಧಿ ಹೇಳಲಾಯಿತು. ಅವರು ನಿಶಿವಾಕಿಯನ್ನು ನೋಡಿದ ನೋಟ ಅಷ್ಟೇನೂ ಚೆನ್ನಾಗಿರಲಿಲ್ಲ.

ಕೋವಿ ಎರಡು ದಿನ ಬಿಟ್ಟು ಮೀನಿನ ಗಾಳದ ಚೀಲದಲ್ಲಿ ಬಂತು, ಶಿಕ್ಷಣ ಮಂಡಳಿಯ ನೋಂದಣಿ ಚೀಟಿಯ ಸಮೇತ. ನಮ್ಮಲ್ಲಿ ಇಷ್ಟು ಹಳೆಯ ಕೋವಿಗೆ ಚೀಟಿ ಕೊಡುವವರು ಶಾಲೆ ನೋಡಿಕೊಳ್ಳುವವರು. ನಿಶಿವಾಕಿ ಅದನ್ನು ಮೂತಿ ಕೆಳಗಾಗಿ ನಿಲ್ಲಿಸಿ, ಬೀಗ ಹಾಕಿ, ಬೀಗವನ್ನು ಜಗ್ಗಿ ನೋಡಿ, ಹೊರಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡಿದ. ಆಮೇಲೆ ಬೀರುವಿನ ಮೇಲೆ ಜರಿ ಬಟ್ಟೆ ಹೊದಿಸಿ, ಮುಂದೆ ಮಾವನ ಫೋಟೋ, ಗಂಟೆ, ಊದುಬತ್ತಿಯ ಬಟ್ಟಲು ಇಟ್ಟ. ಗಾಳದ ಚೀಲ ಒಕಿತ್ಸು ಜತೆ ವಾಪಸ್ಸು ಹೋಯಿತು. ಅವರ ಪರಿಶೀಲನೆ ಆಗಸ್ಟ್ ಹದಿನಾಲ್ಕಕ್ಕೆ ಎಂದು ಗೊತ್ತಾಯಿತು. ಹಿರಿಯರ ಹಬ್ಬದ ಸಮಯ, ಎಲ್ಲರೂ ಅವರವರ ಮನೆಯಲ್ಲೇ ಇರುತ್ತಾರೆ, ಯಾರೂ ನೋಡುವುದಿಲ್ಲ ಎಂಬುದು ಹೆಡ್‌ಮಾಸ್ಟರರ ಲೆಕ್ಕಾಚಾರ.

ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ಕುವಾಬರಾಗೆ ಪಕ್ಕದ ಊರು ದೂರವೇನಲ್ಲ.

"ಅಳಿಯಂದ್ರೇ, ಇಪ್ಪತ್ತು ವರ್ಷ ನಿಮ್ಮನ್ನ ಕೆಲಸಕ್ಕೆ ಬಾರದೋರು ಅಂದ್ಕೊಂಡಿದ್ದೆ."

"ಅತ್ತೆ, ಅದು ಏನಂದ್ರೆ..."

"ಅಂದ್ಕೊಂಡು ಸುಮ್ನಿರಲಿಲ್ಲ, ಎಲ್ರ ಹತ್ರನೂ ಹೇಳಿದ್ದೆ. ಈಗ ಒಬ್ಬೊಬ್ಬರಿಗೂ ಫೋನ್ ಮಾಡಿ ಆ ಮಾತು ವಾಪಸ್ ತಗೊಳ್ತಾ ಇದೀನಿ. ಹದಿನೇಳು ಜನ ಆದ್ರು. ಹಬ್ಬಕ್ಕೆ ಅವರನ್ನೆಲ್ಲ ಕರ್ಕೊಂಡು ಬರ್ತೀನಿ."

ಅತ್ತೆ ಅತ್ತರು. ಅವರು ಅಳುವುದನ್ನು ಹಿಂದೆಂದೂ ಕೇಳಿರದ ನಿಶಿವಾಕಿ ಫೋನಿಗೇ ಬಾಗಿ ನಮಸ್ಕಾರ ಮಾಡಿದ.

ಆಗಸ್ಟ್ ಹದಿನಾಲ್ಕು. ಎಂಟು ಚಾಪೆ ಹಾಸುವಷ್ಟೇ ಅಗಲದ ಆ ಕೋಣೆಯಲ್ಲಿ ಇಪ್ಪತ್ತಾರು ಜನ ಕೂತಿದ್ದೆವು. ಮುಂದೆ ಉಮೆನೊ, ಅವರ ಹಿಂದೆ ಹದಿನೇಳು ನೆಂಟರು, ಕುವಾಬರಾ, ಬೀದಿಯವರು. ಬೆಟ್ಟದ ಗುಡಿಯ ಗುರುಗಳೂ ಬಂದಿದ್ದರು. ಹೊಸ ಗೂಡು ಬಂದ ಮನೆಯಲ್ಲಿ ಅದಕ್ಕೆ ಕಣ್ಣು ತೆರೆಸುವ ಮಂತ್ರ ಹೇಳಬೇಕು. ಸರಿಯಾಗಿ ಹತ್ತಕ್ಕೆ ಒಕಿತ್ಸು ಬಂದರು. ಬಾಗಿಲಲ್ಲಿ ಅಷ್ಟು ಚಪ್ಪಲಿ ಕಂಡು ಒಂದು ಗಳಿಗೆ ನಿಂತರು. ಅಷ್ಟರಲ್ಲಿ ಚಿಯೊಕೊ ಅವರನ್ನೂ ಒಳಗೆ ಕೂರಿಸಿ ಚಹಾ ಕೊಟ್ಟುಬಿಟ್ಟಳು. ನಾಯಕರು ಬೀರುವಿಗೆ ಮೂರೇ ಅಡಿ ದೂರದಲ್ಲಿ, ನನ್ನ ಪಕ್ಕದಲ್ಲಿ, ಹುರುಳಿ ಸಿಹಿ ಹಿಡಿದುಕೊಂಡು ಕುಳಿತರು. ನಿಶಿವಾಕಿ ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ.

ಗುರುಗಳು ಗಂಟೆ ಬಾರಿಸಿದರು. ಜರಿ ಬಟ್ಟೆ ಸರಿಸಿದರು. ಕಪ್ಪು ಬಾಗಿಲು ಮಿರಮಿರ ಹೊಳೆಯಿತು.

"ಆಧುನಿಕ ಮಾದರಿ. ಗಟ್ಟಿಯಾಗಿದೆ" ಎಂದರು ಗುರುಗಳು. "ಸರಿ, ಬಾಗಿಲು ತೆಗೀರಿ. ಕಣ್ಣು ತೆರೆಸೋಣ."

ಇಪ್ಪತ್ತಾರು ಬೀಸಣಿಗೆಗಳು ನಿಂತವು. ನಿಶಿವಾಕಿಯ ಕೈ ಕೊರಳಿನ ಕೀಲಿಯ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು. ತೆರೆದರೆ ಕೋವಿ ಕಾಣುತ್ತದೆ, ಮೊದಲನೇ ಸಾಲು ಹೋಗುತ್ತದೆ. ಆ ಸಾಲು ಕಿತ್ತುಕೊಳ್ಳುವವರೇ ಮೂರಡಿ ದೂರದಲ್ಲಿ ಸಿಹಿ ತಿನ್ನುತ್ತಿದ್ದಾರೆ.

"ತೆಗೆಯೋ ಹಾಗಿಲ್ಲ" ಎಂದ.

"ಯಾಕೆ?" ಎಂದರು ಉಮೆನೊ.

"ಒಳಗೆ..." ನಿಶಿವಾಕಿ ಮಾವನ ಫೋಟೋ ನೋಡಿದ. "ಒಳಗೆ ಗುಪ್ತ ಬುದ್ಧ ಇದ್ದಾರೆ."

ಇಂಥ ಮಾತು ಬೇರೆ ದೇಶದಲ್ಲಿ ಆಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರೇನೋ. ನಮ್ಮಲ್ಲಿ ಎಷ್ಟೋ ಗುಡಿಗಳಲ್ಲಿ ಬುದ್ಧನ ಮೂರ್ತಿ ಮುಚ್ಚಿದ ಬಾಗಿಲ ಹಿಂದೆಯೇ ಇರುತ್ತದೆ. ಭಕ್ತರು ಬಾಗಿಲಿಗೇ ಕೈಮುಗಿದು ಹೋಗುತ್ತಾರೆ. ನಮ್ಮ ಬೆಟ್ಟದ ಗುಡಿಯ ಬುದ್ಧನ ಬಾಗಿಲು ಮೂವತ್ತಮೂರು ವರ್ಷಕ್ಕೊಮ್ಮೆ ತೆರೆಯುತ್ತದೆ. ಹೋದ ಸಲ ತೆರೆದಾಗ ಈ ಗುರುಗಳು ದಡಾರ ಬಂದು ಮಲಗಿದ್ದರಂತೆ.

ಗುರುಗಳ ಮುಖ ಮೆತ್ತಗಾಯಿತು. "ನಾನು ನಮ್ಮೋರನ್ನೇ ಇನ್ನೂ ನೋಡಿಲ್ಲ ನಿಶಿವಾಕಿ ಸಾನ್. ನಿಮ್ಮೋರನ್ನ ತೋರಿಸಿ ಅಂತ ಯಾವ ಬಾಯಲ್ಲಿ ಕೇಳ್ಲಿ." ಎಂದವರೇ ಹಣೆಯನ್ನು ಚಾಪೆಗೆ ಹಚ್ಚಿದರು. ಉಮೆನೊ ಹಚ್ಚಿದರು. ಹದಿನೇಳು ನೆಂಟರು ಒಬ್ಬರ ಬೆನ್ನ ಮೇಲೊಬ್ಬರು ಹಚ್ಚಿದರು. ಒಕಿತ್ಸು ಸಿಹಿಯನ್ನು ಪಕ್ಕಕ್ಕಿಟ್ಟು ಹಚ್ಚಿದರು. ನಾನು ನಗು ತಡೆಯಲಾರದೆ ಎಲ್ಲರಿಗಿಂತ ಹೆಚ್ಚು ಹೊತ್ತು ಹಚ್ಚಿಕೊಂಡಿದ್ದೆ. ಕ್ಷೌರಿಕರಿಗೆ ಇಷ್ಟು ಭಕ್ತಿ ಇದೆ ಎಂದು ಗೊತ್ತಿರಲಿಲ್ಲ ಎಂದು ಆಮೇಲೆ ಬೀದಿಯಲ್ಲಿ ಹೇಳಿಕೊಂಡರು.

ಮೊದಲು ತಲೆ ಎತ್ತಿದವರು ಕುವಾಬರಾ. "ದರ್ಶನ ಯಾವಾಗ?"

ನಾಲ್ಕು ವರ್ಷದಿಂದ ನಿಶಿವಾಕಿಯ ತಲೆಯಲ್ಲಿ ಇದ್ದದ್ದು ಒಂದೇ ತಾರೀಕು.

"ನವೆಂಬರ್ ಮೂರು."

"ಎಷ್ಟು ಗಂಟೆಗೆ?"

"ಬೆಳಿಗ್ಗೆ ಆರು" ಎಂದು ಅವನ ಬಾಯಿ ಅವನನ್ನು ಕೇಳದೆಯೇ ಹೇಳಿತು.

ಎಲ್ಲರೂ ಎದ್ದ ಮೇಲೆ ಒಕಿತ್ಸು ಅವನನ್ನು ಪಡಸಾಲೆಯ ಮೂಲೆಗೆ ಕರೆದರು. ನಾನೂ ಹೋದೆ.

"ನಮಸ್ಕಾರ ಮಾಡುವಾಗ ಬಗ್ಗಿ ನೋಡ್ದೆ" ಎಂದರು ನಾಯಕರು ತಗ್ಗಿದ ದನಿಯಲ್ಲಿ. "ನಾಲ್ಕು ಬೋಲ್ಟು. ಚೆನ್ನಾಗಿ ಬಿಗಿದಿದ್ದೀರಿ. ಕೀಲಿ ಮೈಮೇಲಿದೆ. ಇಪ್ಪತ್ತಾರು ಜನ ಕೋವಿಗೆ ಅಡ್ಡಬಿದ್ರು, ಗೊತ್ತಿಲ್ಲದೋರಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ಲ. ನಮ್ಮ ಪಡೆ ಹುಟ್ಟಿದಾಗಿಂದ ಇಂಥ ಕಾವಲು ನಾನು ನೋಡಿಲ್ಲ."

ನಿಶಿವಾಕಿ ಅಲ್ಲೇ ಕುಸಿದು ಕೂತ.

"ಏಳಿ, ಇನ್ನೂ ಮುಗಿದಿಲ್ಲ. ಕೋಟೆ ಹಬ್ಬದ ದಿನ ಬತ್ತಿ ಹೊತ್ತಿಸೋಕ್ಕೆ ಮುಂಚೆ ನಿಮ್ಮ ಬೀದಿಯವರನ್ನೇ ಒಬ್ರನ್ನ ಹಿಡಿದು ಕೇಳ್ತೀನಿ. ಅವರಿಗೆ ಗೊತ್ತಿದ್ರೆ ನಿಮ್ಮ ಜಾಗದಲ್ಲಿ ಮೊಮೊಸೆ ಸಾನ್ ನಿಲ್ತಾರೆ. ಅವರು ಕವಚ ತೊಟ್ಟುಕೊಂಡೇ ಕಾದಿರ್ತಾರೆ."

ಇದು ಸಾಲದು ಎನ್ನುವಂತೆ, ಹಿರಿಯರ ಹಬ್ಬ ಮುಗಿದು ಹದಿನೇಳು ನೆಂಟರು ಹೋದರೂ ಉಮೆನೊ ಹೋಗಲಿಲ್ಲ. ಇಂಥ ಗೂಡು ಬಿಟ್ಟು ಎಲ್ಲಿ ಹೋಗಲಿ ಎಂದು ಆ ಕೋಣೆಯಲ್ಲೇ ಹಾಸಿಗೆ ಹಾಸಿಕೊಂಡರು. ಬೆಳಿಗ್ಗೆ ಬೀರುವಿನ ಮುಂದೆ, ಸಂಜೆ ಬೀರುವಿನ ಮುಂದೆ. ಸೆಪ್ಟೆಂಬರಿನ ಮಳೆಗೆ ಕೋವಿಗೆ ತುಕ್ಕು ಹಿಡಿಯಬಾರದೆಂದು ನಿಶಿವಾಕಿ ಮಂಗಳವಾರ ಅತ್ತೆ ಸ್ನಾನದ ಮನೆಗೆ ಹೋದಾಗ ಬಾಗಿಲು ತೆಗೆದು ನಳಿಗೆಗೆ ಕ್ಯಾಮೆಲಿಯಾ ಎಣ್ಣೆ ಹಚ್ಚುತ್ತಿದ್ದ. ಒಂದು ಮಂಗಳವಾರ ಅತ್ತೆ ಬೇಗ ಬಂದರು. ಬಾಗಿಲು ಹಾಕಿದ್ದಾಗಿತ್ತು, ವಾಸನೆ ಉಳಿದಿತ್ತು.

"ಕ್ಯಾಮೆಲಿಯಾ ಎಣ್ಣೆ ವಾಸನೆ" ಎಂದರು ಉಮೆನೊ.

"ಇರಬಹುದು ಅತ್ತೆ" ಎಂದ ನಿಶಿವಾಕಿ, ಎಣ್ಣೆಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.

"ನಿಮ್ಮ ಮಾವ ತಲೆಗೆ ಇದನ್ನೇ ಹಚ್ಕೊಳ್ತಿದ್ರು. ಬಂದು ಹೋಗಿದ್ದಾರೆ."

ಮಾರನೆಯ ದಿನ ಸುತ್ತೋಲೆ ಹಲಗೆಯಲ್ಲಿ ಅದೂ ಬಂತು. ಪಕ್ಕದ ಬೀದಿಯವರು ಬರತೊಡಗಿದರು. ಕಾವಲು ಚೌಕಿಯ ಪೊಲೀಸ್ ಹಯಾಮಿ ಮನೆ ಮನೆ ಭೇಟಿಗೆ ಬಂದವನು ಟೋಪಿ ತೆಗೆದು ಬೀರುವಿಗೆ ಕೈಮುಗಿದು, ಇಂಥ ಬೆಲೆಬಾಳುವ ಬುದ್ಧನಿಗೆ ಬೀಗ ಗಟ್ಟಿ ಇದೆ ತಾನೇ ಎಂದು ವಿಚಾರಿಸಿ, ಜಗ್ಗಿ ನೋಡಿ, ಸಮಾಧಾನಪಟ್ಟು ಹೋದ.

ಕೊನೆಗೆ ಆ ನವೆಂಬರ್ ಮೂರು ಬಂದೇಬಿಟ್ಟಿತು. ಐದೂವರೆಗೆ ಸದ್ದಿಲ್ಲದೆ ಕೋವಿ ತೆಗೆದುಕೊಂಡು ಹಿತ್ತಲಿಂದ ಹೋಗುವುದು ನಿಶಿವಾಕಿಯ ಯೋಜನೆ. ಅವನ ಕವಚ ಕಟ್ಟಿಕೊಡಲು ನಾನು ಐದಕ್ಕೆ ಹೋದೆ. ಬೀದಿ ಆಗಲೇ ತುಂಬಿತ್ತು. ಹಿತ್ತಲೂ ತುಂಬಿತ್ತು. ಅರವತ್ತು ಜನ, ಕೈಯಲ್ಲಿ ಜಪಮಾಲೆ, ಕೊರಳಲ್ಲಿ ಕ್ಯಾಮೆರಾ. ಗುರುಗಳು ಹೊಸ ನಿಲುವಂಗಿ ತೊಟ್ಟಿದ್ದರು. ಕುವಾಬರಾ ಸಾಲು ಮಾಡಿಸುತ್ತಿದ್ದರು.

ಕೋಣೆಯಲ್ಲಿ ಉಮೆನೊ ಬೀರುವಿನ ಮುಂದೆ ಕೂತಿದ್ದರು. ನಿಶಿವಾಕಿ ಅರ್ಧ ಕವಚದಲ್ಲಿ ಗಡಿಯಾರ ನೋಡುತ್ತಿದ್ದ. ಎಂಟಕ್ಕೆ ಕೋಟೆಯಲ್ಲಿರಬೇಕು. ಎದ್ದು ನಿಂತ ಅತ್ತೆ ಜಾರುಬಾಗಿಲನ್ನು ಎಳೆದು ಮುಚ್ಚಿದರು.

"ತೆಗೀರಿ ಅಳಿಯಂದ್ರೇ, ಹೊತ್ತಾಗುತ್ತೆ. ಕೋವಿ ತೆಗೀರಿ."

ನಿಶಿವಾಕಿಯ ಬಾಯಿ ತೆರೆದೇ ಇತ್ತು. ನನ್ನದೂ ತೆರೆದಿತ್ತು.

"ಅತ್ತೆ, ನಿಮಗೆ ಯಾವಾಗ..."

"ಮೊದಲನೇ ದಿನವೇ. ನಲವತ್ತು ವರ್ಷ ಹಿರಿಯರ ಗೂಡು ಒರೆಸಿದೋಳಿಗೆ ಮರ ಯಾವುದು ಉಕ್ಕು ಯಾವುದು ಗೊತ್ತಾಗಲ್ವಾ? ನಿಮ್ಮ ಮಾವ ಮಹಡಿ ಮೇಲೆ ಹಾಸಿಗೆಗಳ ಮಧ್ಯೆ ಕೂತಿದ್ದಾರೆ. ದಿನಾ ಮೊದಲು ಅವರಿಗೆ ಅನ್ನ ಇಟ್ಟು ಆಮೇಲೆ ಕೆಳಗೆ ಬರ್ತೀನಿ. ಬೀಗ ಯಾಕಿಷ್ಟು ದೊಡ್ಡದು ಅಂತ ಚಿಯೊಕೊನ ಹಿಡಿದು ಕೇಳ್ದೆ, ಎಲ್ಲಾ ಹೇಳಿದ್ಲು. ಮನೆಯೋರಿಗೆ ಹೇಳಬಹುದಂತಲ್ಲ. ನಾನು ಮನೆಯೋಳಲ್ವಾ?"

"ಮತ್ತೆ ಯಾಕೆ ಇಷ್ಟು ದಿನ..."

"ನನ್ನ ಅಳಿಯ ಬಂಗಾರ ಅಂತ ಹದಿನೇಳು ಜನಕ್ಕೆ ಫೋನ್ ಮಾಡಿದ್ದೆ. ಅಲ್ಲ ಅಂತ ಇನ್ನೊಂದು ಸಲ ಹದಿನೇಳು ಫೋನ್ ಮಾಡೋ ಶಕ್ತಿ ಈ ವಯಸ್ಸಲ್ಲಿ ನನಗಿಲ್ಲ. ದಿನಾ ನಾನು ಬಾಗಿಲಿಗೆ ಅಡ್ಡ ಕೂರದೆ ಹೋಗಿದ್ರೆ ಆ ಕುವಾಬರಾ ಯಾವತ್ತೋ ಕೀಲಿ ಸಂದಿಯಿಂದ ಇಣುಕಿ ನೋಡಿರೋಳು. ತೆಗೀರಿ ಅಂದೆ."

ನಿಶಿವಾಕಿ ಬೀಗ ತೆಗೆದ. ಉಮೆನೊ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ, ಜರಿ ಬಟ್ಟೆಯಲ್ಲಿ ಮೂರು ಸುತ್ತು ಸುತ್ತಿ, ಎರಡು ಕಡೆ ಗಂಟು ಹಾಕಿದರು. ಕವಚದ ಮೇಲೆ ಅಳಿಯನಿಗೆ ತಮ್ಮ ಗಂಡನ ಕಪ್ಪು ನಿಲುವಂಗಿ ಹೊದಿಸಿದರು. ಅವನು ಅಳುತ್ತಿದ್ದ. ಅಳಬೇಡಿ, ತೇವ ತಾಗಿದರೆ ತುಕ್ಕು ಹಿಡಿಯುತ್ತದೆ ಎಂದು ಗದರಿ ಅತ್ತೆ ಬಾಗಿಲು ತೆರೆದರು.

"ಬುದ್ಧ ಇವತ್ತು ಇಲ್ಲಿ ದರ್ಶನ ಕೊಡಲ್ಲ" ಎಂದು ಅರವತ್ತು ಜನಕ್ಕೆ ಕೇಳುವಂತೆ ಹೇಳಿದರು. "ಕೋಟೆಗೆ ಹೋಗಬೇಕು ಅಂತ ಅಪ್ಪಣೆ ಆಗಿದೆ. ಮೆರವಣಿಗೆ. ಬಟ್ಟೆ ಮುಟ್ಟಿದೋರ ಕಣ್ಣು ಹೋಗುತ್ತೆ."

ಎಲ್ಲರೂ ಗುರುಗಳ ಕಡೆ ತಿರುಗಿದರು. ಗುರುಗಳು ಯೋಚಿಸಿದರು.

"ಉಂಟು. ಗುಪ್ತ ಬುದ್ಧರು ಹೊರಗೆ ಹೊರಡೋದು ಉಂಟು" ಎಂದು ಗಂಟೆ ಹಿಡಿದು ಮುಂದೆ ನಿಂತರು.

ನಾನು ಬದುಕಿನಲ್ಲಿ ಎಷ್ಟೋ ತಲೆ ನೋಡಿದ್ದೇನೆ, ಅಂಥ ಬೆಳಿಗ್ಗೆ ನೋಡಿಲ್ಲ. ಮುಂದೆ ಗುರುಗಳ ಗಂಟೆ. ಹಿಂದೆ ನಿಶಿವಾಕಿ ಒಂದು ತುದಿ, ನಾನು ಒಂದು ತುದಿ ಹೊತ್ತ ಜರಿಯ ಗಂಟು. ಹಿಂದೆ ಉಮೆನೊ, ಕುವಾಬರಾ, ಅರವತ್ತು ಜನರ ಮಂತ್ರ. ದಾರಿಯಲ್ಲಿ ಅಂಗಡಿಯವರು ಕೈಮುಗಿದರು. ಹಯಾಮಿ ಸೀಟಿ ಊದಿ, ಬಸ್ಸು ನಿಲ್ಲಿಸಿ, ಕೋವಿಗೆ ಸಲಾಮು ಹೊಡೆದ. ಸೇತುವೆಯ ಹತ್ತಿರ ಹಿಂದಿನಿಂದ ಪಿಸುಮಾತು ಕೇಳಿತು.

"ನಿಂತಿರೋ ಬುದ್ಧ ಇರಬೇಕು. ಉದ್ದಕ್ಕಿದ್ದಾರೆ."

"ಎಷ್ಟು ತೆಳ್ಳಗಿದ್ದಾರೆ ನೋಡಿ."

"ಉಪವಾಸದ ಬುದ್ಧ" ಎಂದರು ಕುವಾಬರಾ, ತಿಳಿದವರ ಗತ್ತಿನಲ್ಲಿ. ಹಿಂದೆ ಯಾರೋ ಬಿಕ್ಕಿದರು.

ಕೋಟೆ ಬಾಗಿಲಲ್ಲಿ ಕವಚ ತೊಟ್ಟು ನಿಂತಿದ್ದ ಒಕಿತ್ಸು ತಮ್ಮ ಕೋವಿ ಬರುತ್ತಿದ್ದ ರೀತಿಯನ್ನು ನೋಡಿದರು. ಅವರ ಮೀಸೆ ಎರಡು ಸಲ ಅಲುಗಿತು, ಅಷ್ಟೇ. ನಾವಿಬ್ಬರೂ ಉಮೆನೊ ಜತೆ ಪಡೆಯ ಪರದೆಯ ಹಿಂದೆ ಹೋದೆವು. ಅತ್ತೆ ಗಂಟು ಬಿಚ್ಚಿದರು, ಕೋವಿ ಅಳಿಯನ ಕೈಗಿತ್ತರು, ಬಟ್ಟೆ ಮಡಚಿಕೊಂಡು ಹೋಗಿ ಹಗ್ಗದ ಆಚೆ ಬೀದಿಯವರ ನಡುವೆ ಕುಳಿತರು. ಹಗ್ಗದ ಪಕ್ಕದಲ್ಲಿ ಮೊಮೊಸೆ ಕವಚ ತೊಟ್ಟು, ಪೊರಕೆ ಹಿಡಿದು, ಆಸೆಯಿಂದ ನಿಂತಿದ್ದ.

ನಾನೂ ಕವಚ ತೊಟ್ಟು ನನ್ನ ಕೋವಿ ಹಿಡಿದೆ, ಅದು ಎಲ್ಲಿಂದ ಬಂತು ಎಂದು ಈಗಲೂ ಕೇಳಬೇಡಿ. ನಗಾರಿ ಬಡಿಯಿತು. ನಾವು ಸಾಲಾದೆವು. ನನ್ನ ಮುಂದೆಯೇ, ಮೊದಲನೇ ಸಾಲಿನ ಎಡತುದಿಯಲ್ಲಿ, ನಿಶಿವಾಕಿ. ಅವನ ಶಿರಸ್ತ್ರಾಣ ಸ್ವಲ್ಪ ಓರೆಯಾಗಿತ್ತು. ಕೋವಿ ಮಾತ್ರ ನೆಟ್ಟಗಿತ್ತು.

ಅವನ ಭುಜದ ಮೇಲಿನಿಂದ ನಾನು ಕುವಾಬರಾರನ್ನು ನೋಡುತ್ತಿದ್ದೆ. ಅವರು ನಿಶಿವಾಕಿಯನ್ನು ನೋಡಿದರು. ಅವನ ಕೈಯ ಉದ್ದನೆಯ ವಸ್ತುವನ್ನು ನೋಡಿದರು. ಉಮೆನೊ ತೊಡೆಯ ಮೇಲಿನ ಬರಿದಾದ ಜರಿ ಬಟ್ಟೆಯನ್ನು ನೋಡಿದರು. ಮತ್ತೆ ವಸ್ತು, ಮತ್ತೆ ಬಟ್ಟೆ. ಅವರ ಬಾಯಿ ನಿಧಾನವಾಗಿ ತೆರೆಯಿತು. ಅದೇ ಹೊತ್ತಿಗೆ ಒಕಿತ್ಸು ನೇರವಾಗಿ ಅವರ ಮುಂದೆಯೇ ಹೋಗಿ ನಿಂತರು. ಇಡೀ ಬೀದಿಯಲ್ಲಿ ಅವರಿಗೆ ಸಿಕ್ಕಿದ್ದು ಅದೇ ಬಾಯಿ.

"ಅಮ್ಮಾ, ಒಂದು ಮಾತು. ಅಲ್ಲಿ ಎಡಗಡೆ ಕೊನೇಲಿ ನಿಂತಿರೋರ ಕೋವಿ ಇದ್ಯಲ್ಲ, ಅದು ಎಲ್ಲಿರುತ್ತೆ ಅಂತ ನಿಮಗೇನಾದ್ರೂ ಗೊತ್ತಾ?"

ಮೊಮೊಸೆ ಪೊರಕೆಯನ್ನು ಗೋಡೆಗೆ ಒರಗಿಸಿದ. ಉಮೆನೊ ಮುಂದೆ ನೋಡುತ್ತಲೇ ಜರಿ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಚಿದರು. ಅರವತ್ತು ಜನ, ತಾವು ಮೂರು ತಿಂಗಳು ಯಾವುದಕ್ಕೆ ಹಣೆ ಹಚ್ಚಿದ್ದೆವು ಎಂದು ಒಬ್ಬೊಬ್ಬರಾಗಿ ಅರಿಯುತ್ತಾ, ಕುವಾಬರಾರ ಕಡೆ ತಿರುಗಿದರು.

ಹುಟ್ಟಿದಾಗಿನಿಂದ ಒಂದು ಸುದ್ದಿಯನ್ನೂ ಒಳಗಿಟ್ಟುಕೊಳ್ಳದ ಕುವಾಬರಾ ಮೊದಲ ಸಲ ಒಂದನ್ನು ನುಂಗಿದರು. ನುಂಗಿದ್ದು ಗಂಟಲಲ್ಲಿ ಇಳಿಯುವುದು ನನಗೆ ಅಲ್ಲಿಂದಲೇ ಕಂಡಿತು.

"ಕೋವಿನಾ?" ಎಂದರು. "ನಮ್ಮ ಬೀದೀಲಿ ಕೋವಿ ಯಾರ ಮನೇಲಿರುತ್ತೆ ಗುರುಗಳೇ? ನಮ್ಮಲ್ಲಿರೋದು ಬುದ್ಧ."

ಒಕಿತ್ಸು ತಲೆ ಬಾಗಿಸಿ ಹಿಂದಿರುಗಿದರು. ಮೊಮೊಸೆ ಪೊರಕೆ ಎತ್ತಿಕೊಂಡ. ಕುವಾಬರಾ ಕತ್ತು ತಿರುಗಿಸದೆ ಉಮೆನೊಗೆ ಹೇಳಿದರು, "ಬರೋ ವರ್ಷ ಮೆರವಣಿಗೇಲಿ ಮುಂದಿನ ತುದಿ ನನ್ನ ಹೆಗಲಿಗೆ."

"ಆಗ್ಲಿ" ಎಂದರು ಉಮೆನೊ.

ಬತ್ತಿ ಹೊತ್ತಿತು. ನಾಯಕರ ಬೀಸಣಿಗೆ ಕೆಳಗಿಳಿಯಿತು. ಮೊದಲನೇ ಸಾಲಿನ ಹತ್ತು ಕೋವಿಗಳು ಒಟ್ಟಿಗೆ ಸಿಡಿದವು. ಹನ್ನೊಂದನೆಯದು, ಕಣ್ಣಲ್ಲಿ ನೀರು ತುಂಬಿಕೊಂಡಿದ್ದರಿಂದಲೋ ಏನೋ, ಒಂದು ಉಸಿರು ತಡವಾಗಿ, ಒಂಟಿಯಾಗಿ, ಇಡೀ ಊರಿಗೆ ಬೇರೆಯೇ ಕೇಳುವ ಹಾಗೆ ಸಿಡಿಯಿತು. ಹೊಗೆಯಾಚೆ ನಮ್ಮ ಬೀದಿಯ ಅರವತ್ತು ಜನ ಆ ಒಂದು ಸದ್ದಿಗೆ ಮಾತ್ರ ಕೈಮುಗಿದು ತಲೆ ಬಾಗಿಸಿದ್ದರು. ಪಕ್ಕದಲ್ಲಿದ್ದವರು ಯಾಕೆ ಎಂದು ಕೇಳಿದರು. ಯಾರೂ ಹೇಳಲಿಲ್ಲ.